ಮರಳಕ್ಕ ವಾಪಸ್ ಕಳಿಸಿದವರು

ಕಣ್ಣಾಸ್ಪತ್ರೆಯ ವಾರ್ಡಿನಲ್ಲಿ ಆಕೆಗೆ ಮರಳಕ್ಕ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೂರನೆಯ ವಾರದಲ್ಲೇ. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಹಾಜರಿ ಪುಸ್ತಕದಲ್ಲಿ ಅದು ಮೂವತ್ತಾರು ವರ್ಷ ಯಾರ ಗೋಜಿಗೂ ಹೋಗದೆ ತೆಪ್ಪಗೆ ಕುಳಿತಿತ್ತು.

ಆ ಕಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು ಏಳು ದಿನ ಅಂಗಾತ ಮಲಗಿರಬೇಕಿತ್ತು. ತಲೆ ಆಚೀಚೆ ಹೊರಳದ ಹಾಗೆ ಎರಡೂ ಕಿವಿಯ ಪಕ್ಕ ಒಂದೊಂದು ಮರಳಿನ ಚೀಲ ಇಡುತ್ತಿದ್ದರು. ಆ ಚೀಲಗಳು ಇವಳ ಸುಪರ್ದಿಗೆ ಬಂದವು. ಹಿಂದೆ ಇದ್ದ ಆಯಾ ಸಿಕ್ಕಿದ ಮರಳನ್ನು ತುಂಬಿ, ಇರುವೆ ಬಂದರೆ ರೋಗಿಯ ಹಣೆಬರಹ ಎನ್ನುತ್ತಿದ್ದಳು. ಇವಳು ಮರಳನ್ನು ಮೂರು ಸಲ ಜರಡಿ ಹಿಡಿದು, ತೊಳೆದು, ಬಿಸಿಲಿಗೆ ಒಣಗಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿದು, ಎರಡು ಪದರದ ಬಟ್ಟೆಯಲ್ಲಿ ತುಂಬಿ ಹೊಲಿದಳು. ಮೊಳಕೈಯಿಂದ ಮಣಿಕಟ್ಟಿನವರೆಗಿನ ಉದ್ದ, ಒಂದೇ ತೂಕ. ನಲವತ್ತು ಹಾಸಿಗೆಗೆ ಎಂಬತ್ತು ಚೀಲ. ದೊಡ್ಡ ಡಾಕ್ಟರು ಒಂದನ್ನು ಎತ್ತಿ ನೋಡಿ, "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿರಲಿಲ್ಲ.

ಚೀಲದ ಜೊತೆಗೆ ವಾರ್ಡಿನ ಕಾನೂನೂ ಅವಳ ಕೈಗೆ ಬಂತು. ಕೆಮ್ಮುವ ಹಾಗಿಲ್ಲ, ಸೀನುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ಗಂಜಿ ಚಮಚದಲ್ಲಿ, ಉಳಿದದ್ದೆಲ್ಲ ಮಲಗಿದಲ್ಲೇ. ನಗುವುದಂತೂ ಘೋರ ಅಪರಾಧ. ನೋಡಲು ಬಂದ ನೆಂಟರಲ್ಲಿ ಮಾತುಗಾರರು ಯಾರೆಂದು ಅವಳಿಗೆ ಬಾಗಿಲಲ್ಲೇ ವಾಸನೆ ಹತ್ತುತ್ತಿತ್ತು. "ನೀವು ಹೊರಗೇ ಇರಿ. ನಿಮ್ಮ ಮುಖ ನೋಡಿದ್ರೇನೇ ನಗು ಬರುತ್ತೆ," ಎಂದು ಒಬ್ಬ ಗಂಭೀರ ಶಾಲಾ ಮಾಸ್ತರರನ್ನು ಅವಳು ಹೊರಗೆ ನಿಲ್ಲಿಸಿದ್ದನ್ನು ಆಸ್ಪತ್ರೆಯವರು ಬಹಳ ದಿನ ಹೇಳಿಕೊಂಡು ನಗುತ್ತಿದ್ದರು, ವಾರ್ಡಿನ ಹೊರಗೆ.

ಕೆಲಸಕ್ಕೆ ಸೇರಿ ಆರು ವರ್ಷಕ್ಕೆ ಅವಳ ಅತ್ತೆಯೇ ಹದಿನಾಲ್ಕನೆಯ ಹಾಸಿಗೆಗೆ ಬಂದರು. ಅತ್ತೆಗೆ ಆಗ ಐವತ್ತೈದು. ಬೆಳಗ್ಗೆ ಬಾಯಿ ತೆರೆದರೆ ರಾತ್ರಿ ಮುಚ್ಚುವ ಹೆಂಗಸು. ಅವರ ಮಗ, ಅಂದರೆ ಮರಳಕ್ಕನ ಗಂಡ, ಸೈಕಲ್ ರಿಪೇರಿ ಮಾಡುತ್ತಿದ್ದ. ಇಬ್ಬರು ಹೆಂಗಸರ ನಡುವೆ ಮಾತಿಗೆ ಸಂದಿ ಸಿಗುವುದಿಲ್ಲವೆಂದು ಅವನು ಮಾತನ್ನೇ ಕಡಿಮೆ ಮಾಡಿದ್ದ. ಈಗ ಆಪರೇಷನ್ ಒಂದೇ ಕಣ್ಣಿಗಾದರೂ ಅತ್ತೆಯ ಎರಡೂ ಕಣ್ಣಿಗೆ ಪಟ್ಟಿ, ಎರಡೂ ಕಡೆ ಚೀಲ, ದವಡೆ ಆಡಿಸಬಾರದೆಂಬ ಡಾಕ್ಟರ ಅಪ್ಪಣೆ. ಮರಳಕ್ಕ ಚಮಚದಲ್ಲಿ ಗಂಜಿ ಹಾಕುತ್ತ ಮೊದಲ ದಿನ ಸುಮ್ಮನಿದ್ದಳು. ಎರಡನೆಯ ದಿನ ಮದುವೆಯ ಹೊಸತರಲ್ಲಿ ಆದ ಒಂದು ಮಾತು ನೆನಪಾಯಿತು, ಹೇಳಿದಳು. ಮೂರನೆಯ ದಿನ ಇನ್ನೂ ನಾಲ್ಕು ನೆನಪಾದವು. ಆರನೆಯ ದಿನದ ಹೊತ್ತಿಗೆ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಖಾಲಿಯಾಗಿತ್ತು. ಅತ್ತೆ ತಲೆ ಆಡಿಸಲೂ ಇಲ್ಲ, ಆಡಿಸುವ ಹಾಗೂ ಇರಲಿಲ್ಲ. ಅಂತಹ ವಿಧೇಯ ರೋಗಿಯನ್ನು ವಾರ್ಡು ಕಂಡಿರಲಿಲ್ಲ.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಅತ್ತೆ ಪಿಳಿಪಿಳಿ ನೋಡಿ, ಮೊದಲು ಹೇಳಿದ ಮಾತು: "ಎಲ್ಲಾ ಕೇಳಿಸ್ತು. ಆಪರೇಷನ್ ಮಾಡಿದ್ದು ಕಣ್ಣಿಗೆ."

ಆರು ವಾರದ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದರಲ್ಲಿ ಪ್ರಪಂಚ ಕಾಲುಭಾಗ ದೊಡ್ಡದಾಗಿ ಕಾಣುತ್ತದೆ. ಮೂಲೆಯ ಕಸ, ಪಾತ್ರೆಯ ಮಸಿ, ಸೊಸೆಯ ಮುಖದ ಸಿಡುಕು, ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾದವು. ಮರಳಕ್ಕನಿಗೆ ಅದರಿಂದ ಬೇಸರವಾಯಿತು ಎನ್ನುವುದು ಸುಳ್ಳು. ಅತ್ತೆ ಗೋಡೆ ಸವರಿಕೊಂಡು ನಡೆಯುವುದನ್ನು ಅವಳು ಎರಡು ವರ್ಷ ನೋಡಿದ್ದಳು.

ಅಷ್ಟರಲ್ಲಿ ಅವಳಿಗೆ ಇನ್ನೊಂದು ಕೆಲಸ ಹತ್ತಿತು. ದೊಡ್ಡ ಡಾಕ್ಟರ ಕೋಣೆಯ ಮುಂದೆ ಬೆಳಗ್ಗೆ ನೂರಾರು ಜನರ ಸಾಲು. ಅವರು ಒಬ್ಬೊಬ್ಬರ ಕಣ್ಣಿಗೂ ಟಾರ್ಚು ಬಿಟ್ಟು ಎರಡರಲ್ಲಿ ಒಂದು ಮಾತು ಹೇಳುತ್ತಿದ್ದರು: ಬಲಿತಿದೆ, ಬಲಿತಿಲ್ಲ. ಪೊರೆ ಪೂರ್ತಿ ಬಲಿತು ಕಣ್ಣು ಬೆಳ್ಳಗಾದವರಿಗೆ ಮಾತ್ರ ಆಪರೇಷನ್. ಪಕ್ಕದಲ್ಲಿ ನಿಂತು ನೋಡಿ ನೋಡಿ ಮರಳಕ್ಕನಿಗೂ ಅದು ಕರಗತವಾಯಿತು. ಒಂದು ದಿನ ಡಾಕ್ಟರು ಟಾರ್ಚನ್ನೇ ಅವಳ ಕೈಗೆ ಕೊಟ್ಟು, "ಗೇಟಿನ ಹತ್ರಾನೇ ನೋಡಿ ಕಳಿಸು. ಇಲ್ಲಿವರೆಗೆ ಯಾಕೆ ಬರಬೇಕು ಪಾಪ," ಅಂದರು. ಅಂದಿನಿಂದ ಗೇಟಿನಲ್ಲಿ ಅವಳದೇ ತೀರ್ಪು. ಬೆಳ್ಳಗೆ ಕಂಡರೆ ಒಳಗೆ, ಬೂದು ಕಂಡರೆ ಮನೆಗೆ. "ಇನ್ನೂ ಬಲಿತಿಲ್ಲ. ಪೂರ್ತಿ ಕಾಣದೇ ಹೋದ ಮೇಲೆ ಬನ್ನಿ." ಹೆಸರು, ಊರು, ಯಾವ ಕಣ್ಣು ಎಂದು ಉದ್ದನೆಯ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ತೀರ್ಪು ತಪ್ಪಾದದ್ದು ವರ್ಷಕ್ಕೆ ಎರಡು ಸಲವೂ ಇಲ್ಲ. ಹೇಳಿಕೊಳ್ಳದಿದ್ದರೂ ಒಳಗೊಳಗೆ ಅವಳಿಗೆ ಅದರ ಹೆಮ್ಮೆ ಇತ್ತು.

ಅವಳು ಸೇರಿ ಹದಿನೇಳು ವರ್ಷಕ್ಕೆ ದೊಡ್ಡ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಬಂದವಳು ಗಿಡ್ಡನೆಯ, ಚುರುಕು ನಡಿಗೆಯ ಹೆಣ್ಣುಮಗಳು. ಅವಳ ಹಿಂದೆಯೇ ಮರದ ಪೆಟ್ಟಿಗೆಯಲ್ಲಿ ಒಂದು ಮೈಕ್ರೋಸ್ಕೋಪು ಬಂತು, ಬೇಳೆಕಾಳಿನಷ್ಟು ಲೆನ್ಸುಗಳೂ ಬಂದವು. ಪೊರೆ ತೆಗೆದು ಆ ಲೆನ್ಸನ್ನು ಕಣ್ಣಿನೊಳಗೇ ಇಟ್ಟುಬಿಡುತ್ತಾರಂತೆ, ದಪ್ಪ ಕನ್ನಡಕದ ಗೊಡವೆಯೇ ಇಲ್ಲವಂತೆ. ಮರಳಕ್ಕ ಇದನ್ನು ಕಿವಿಗೆ ಹಾಕಿಕೊಂಡಳು, ತಲೆಗಲ್ಲ. ಕಣ್ಣಲ್ಲಿ ಧೂಳು ಬಿದ್ದರೇ ತಡೆಯಲಾಗದು, ಇವರು ಗಾಜು ಇಡುತ್ತಾರಂತೆ!

ಹೊಸ ಡಾಕ್ಟರು ಮೊದಲ ದಿನ ಏಳು ಜನರಿಗೆ ಆಪರೇಷನ್ ಮಾಡಿ, "ಎದ್ದು ಕೂತ್ಕೊಳ್ಳಲಿ, ಟೀ ಕುಡೀಲಿ," ಎಂದು ಹೇಳಿ ಹೋದಳು. ಸಂಜೆ ಬಂದು ನೋಡಿದರೆ ಏಳೂ ಜನ ಅಂಗಾತ ಮಲಗಿದ್ದಾರೆ. ಹದಿನಾಲ್ಕು ಚೀಲ. ಯಾರೂ ಉಸಿರನ್ನೂ ಜೋರಾಗಿ ಬಿಡುತ್ತಿಲ್ಲ.

"ಅಕ್ಕ, ಇವರನ್ನ ಯಾಕೆ ಹೀಗೆ ಕಟ್ಟಿ ಹಾಕಿದ್ದೀರಾ?"

"ಹೊಲಿಗೆ ಬಿಚ್ಕೊಂಡ್ರೆ ಮೇಡಂ? ನೀವು ಹೊಸಬರು. ನಿಮ್ಮ ಮೇಲೆ ಮಾತು ಬರಬಾರದು ಅಂತ."

"ಬಿಚ್ಚಿಕೊಳ್ಳೋಕೆ ಹೊಲಿಗೆ ಎಲ್ಲಿದೆ? ನಾನು ಹಾಕೇ ಇಲ್ಲ."

ಹೊಲಿಗೆಯೇ ಹಾಕದೆ ಕಣ್ಣು ಕೊಯ್ದವಳನ್ನು ಮರಳಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಗಾಯ ಎಷ್ಟು ಚಿಕ್ಕದೆಂದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆಂದು ಡಾಕ್ಟರು ಕಾಗದ ಮಡಚಿ ತೋರಿಸಿ ವಿವರಿಸಿದಳು. ಮರಳಕ್ಕ ಹೂಂ ಅಂದಳು. ಚೀಲಗಳನ್ನು ಒಂದೊಂದಾಗಿ ತೆಗೆದಳು. ಆದರೂ ಡ್ಯೂಟಿ ಮುಗಿದ ಮೇಲೆ ಮನೆಗೆ ಹೋಗದೆ ವಾರ್ಡಿನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕುಳಿತಳು, ಯಾರಾದರೂ ಸೀನಿದರೆ ಎಂದು. ಮೂವರು ಸೀನಿದರು. ಏನೂ ಆಗಲಿಲ್ಲ. ಬೆಳಗ್ಗೆ ಅವರು ತಾವೇ ಎದ್ದು ಮುಖ ತೊಳೆಯುವ ತೊಟ್ಟಿ ಎಲ್ಲಿದೆಯೆಂದು ಕೇಳಿದಾಗ ಅವಳಿಗೆ ಸಂತೋಷಕ್ಕಿಂತ ಮೊದಲು ಒಂದು ಬಗೆಯ ಅವಮಾನವಾಯಿತು.

ವರ್ಷದೊಳಗೆ ನಲವತ್ತು ಹಾಸಿಗೆಯ ವಾರ್ಡು ಹನ್ನೆರಡಕ್ಕೆ ಇಳಿಯಿತು. ರೋಗಿಗಳು ಬೆಳಗ್ಗೆ ಬಂದು ಸಂಜೆ ಹೋಗತೊಡಗಿದರು. ಮರಳು ಹಿಂಬದಿಯ ಗೇಟಿನ ಗುಂಡಿ ಮುಚ್ಚಲು ಹೋಯಿತು. ಈಗ ಆಸ್ಪತ್ರೆಗೆ ಹಾಸಿಗೆ ಬೇಕಾಗಿರಲಿಲ್ಲ, ಕಣ್ಣುಗಳು ಬೇಕಾಗಿದ್ದವು. ಮೇಲಿನಿಂದ ತಿಂಗಳಿಗೆ ಇಷ್ಟು ಆಪರೇಷನ್ ಆಗಬೇಕೆಂದು ಆದೇಶ ಬಂತು. ಡಾಕ್ಟರು ಮರಳಕ್ಕನನ್ನು ಕರೆದು, "ಹಳ್ಳಿ ಹಳ್ಳಿಗೆ ಹೋಗಿ ಜನರನ್ನ ಕರ್ಕೊಂಡು ಬರೋರು ಬೇಕು. ನಿಮ್ಮಷ್ಟು ಜನರ ಪರಿಚಯ ಇಲ್ಲಿ ಯಾರಿಗೂ ಇಲ್ಲ," ಅಂದಳು.

"ಹೋಗಿ ಏನು ಹೇಳ್ಲಿ ಮೇಡಂ?"

"ಮಬ್ಬು ಶುರುವಾದಾಗಲೇ ಬನ್ನಿ, ಬಲಿಯೋವರೆಗೆ ಕಾಯಬೇಡಿ ಅಂತ."

ಹತ್ತು ವರ್ಷಕ್ಕೂ ಮೇಲ್ಪಟ್ಟು ಗೇಟಿನಲ್ಲಿ ನಿಂತು ಇದರ ತದ್ವಿರುದ್ಧವನ್ನು ಹೇಳಿದ ಬಾಯಿ ಮರಳಕ್ಕನದು.

ಹೀಗೆ ಅವಳು ಹೋದ ಮೂರನೆಯ ಹಳ್ಳಿಯಲ್ಲಿ ಹಗ್ಗ ಹೊಸೆಯುವವನೊಬ್ಬನ ಮನೆ ಸಿಕ್ಕಿತು. ಗುಡಿಸಿದ ಅಂಗಳ. ಗೋಡೆಗೆ ಒರಗಿ ಕುಳಿತ ಮುದುಕ ನಾರನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಹುರಿ ಮಾಡುತ್ತಿದ್ದ. ತಲೆ ಎತ್ತಿ ನೋಡಲಿಲ್ಲ. ಎತ್ತಿದರೂ ನೋಡುವ ಹಾಗಿರಲಿಲ್ಲ. ಎಡಗಣ್ಣು ಹಾಲಿನ ಬಿಳುಪು, ಬಲಗಣ್ಣು ಕುಗ್ಗಿ ಒಳಗೆ ಹೋಗಿತ್ತು. ಮರಳಕ್ಕ ತಾನು ಕಣ್ಣಾಸ್ಪತ್ರೆಯಿಂದ ಬಂದಿದ್ದೇನೆ ಎಂದು ಎರಡು ಮಾತು ಆಡುವಷ್ಟರಲ್ಲಿ ಅವನ ಕೈ ನಿಂತಿತು.

"ಈ ದನಿ ಗೊತ್ತು. ಗೇಟಲ್ಲಿ ಟಾರ್ಚು ಹಾಕೋ ತಾಯಿ ಅಲ್ವಾ ನೀನು?" ಎಂದು ಅರಳಿದ ಮುಖದಿಂದ ಕೇಳಿದ. "ಕರೆಯೋಕೆ ನೀನೇ ಬಂದ್ಯಾ? ಬಲೀತಾ ನಂದು?"

ಅವನ ಹೆಂಡತಿ ಒಳಗಿಂದ ಬಂದು ಲೆಕ್ಕ ಒಪ್ಪಿಸಿದಳು: ಹನ್ನೊಂದು ವರ್ಷದ ಹಿಂದೆ ಒಂದು ಸಲ, ಮರುವರ್ಷ ಇನ್ನೊಂದು ಸಲ ಹೋಗಿದ್ದರು, ಎರಡು ಸಲವೂ ಗೇಟಿನಿಂದಲೇ ವಾಪಸು.

"ಆಮೇಲೆ ಯಾಕೆ ಬರಲಿಲ್ಲ ಯಜಮಾನ್ರೇ? ಪೂರ್ತಿ ಕಾಣದೇ ಹೋದ ಮೇಲಾದ್ರೂ ಬರಬಹುದಿತ್ತಲ್ಲ?"

"ಪೂರ್ತಿ ಅಂದ್ರೆ ಎಷ್ಟು ಅಂತ ಗೊತ್ತಾಗ್ಲಿಲ್ಲ ತಾಯಿ. ಹಗಲು ಯಾವುದು ರಾತ್ರಿ ಯಾವುದು ಅಂತ ಇನ್ನೂ ಕಾಣ್ತಿತ್ತಲ್ಲ. ಬಲೀದೇ ಬಂದು ಮತ್ತೆ ನಿನ್ನ ಕೈಲಿ ಬೈಸ್ಕೊಳ್ಳೋದು ಯಾಕೆ ಅಂತ ಕಾದೆ." ಅವನು ಬಲಗಣ್ಣನ್ನು ಮುಟ್ಟಿಕೊಂಡ. "ಇದು ಹೋದ ವರ್ಷ ಕೆಂಪಗಾಗಿ ಒಂದು ವಾರ ತಲೆ ಸಿಡಿಯೋ ಹಾಗೆ ನೋವು ಬಂತು. ಆಮೇಲೆ ಬೆಳಕೂ ಹೋಯ್ತು. ಇದು ಬಲಿತಿರಬೇಕು ಅಂದ್ಕೊಂಡೆ."

ಅವನ ದನಿಯಲ್ಲಿ ದೂರೇ ಇರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವನ ಸಮಾಧಾನವಿತ್ತು. ಅವನು ಬೈದಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳೇನೋ.

ಮರುದಿನವೇ ಕರೆತಂದಳು. ಬಲಗಣ್ಣು ಹೋಗಿತ್ತು. ಬಲಿತು ಬಲಿತು ಪೊರೆ ಒಳಗೇ ಸೋರಿ, ಕಣ್ಣಿನ ಒತ್ತಡ ಏರಿ ನರವನ್ನೇ ಕೊಂದಿದೆ ಎಂದು ಡಾಕ್ಟರು ಹೇಳಿದಳು. ಎಡಗಣ್ಣಿನ ಆಪರೇಷನ್ನಿಗೆ ಹತ್ತು ನಿಮಿಷ ಹಿಡಿಯಿತು. ಥಿಯೇಟರಿನ ಹೊರಗಿನ ಗಡಿಯಾರ ನೋಡುತ್ತಲೇ ನಿಂತಿದ್ದ ಮರಳಕ್ಕನಿಗೆ ಬಾಗಿಲು ಇಷ್ಟು ಬೇಗ ತೆರೆದದ್ದು ನೋಡಿ, ಏನೋ ಎಡವಟ್ಟಾಗಿ ಅರ್ಧಕ್ಕೇ ಬಿಟ್ಟರು ಎನ್ನಿಸಿತು. ಮುದುಕ ನಡೆದುಕೊಂಡೇ ಬಂದ.

"ಆಯ್ತಂತಾ ತಾಯಿ? ಇಷ್ಟೇನಾ?"

"ಇಷ್ಟೇ ಯಜಮಾನ್ರೇ."

"ಇಷ್ಟಕ್ಕೆ ನಾನು ಅಷ್ಟೊಂದು ಹೆದರಿದ್ದೆ ನೋಡು," ಎಂದು ಅವನು ನಕ್ಕ. ನಗುವುದನ್ನು ಈಗ ಯಾರೂ ತಡೆಯುತ್ತಿರಲಿಲ್ಲ.

ಆ ಸಂಜೆ ಅವಳು ಡಾಕ್ಟರ ಕೋಣೆಗೆ ಹೋಗಿ ನೇರವಾಗಿ ಕೇಳಿದಳು: "ಆ ಕಣ್ಣು ನಾನು ಕಳೆದಿದ್ದಾ ಮೇಡಂ?"

ಡಾಕ್ಟರು ಪೆನ್ನು ಕೆಳಗಿಟ್ಟಳು. "ಅವತ್ತಿನ ಪದ್ಧತಿನೇ ಹಾಗಿತ್ತು ಅಕ್ಕ. ಒಳಗೆ ಇಡೋಕೆ ಲೆನ್ಸ್ ಇಲ್ಲದ ಕಾಲದಲ್ಲಿ ಬೇಗ ತೆಗೆದ್ರೆ, ಸ್ವಲ್ಪ ಮಬ್ಬಿದ್ದವರಿಗೆ ಸೋಡಾ ಬಾಟ್ಲಿ ಕನ್ನಡಕ ಹಾಕ್ಸಿ ಕಳಿಸಬೇಕಾಗ್ತಿತ್ತು. ದೊಡ್ಡ ಡಾಕ್ಟರು ಸರಿಯಾಗೇ ಹೇಳ್ತಿದ್ರು. ನೀವೂ ಸರಿಯಾಗೇ ಹೇಳಿದ್ರಿ."

"ಸರಿಯಾಗಿ ಹೇಳಿದ್ದಕ್ಕೇ ಒಂದು ಕಣ್ಣು ಹೋಯ್ತಲ್ಲ."

"ಪದ್ಧತಿ ಬದಲಾಯ್ತು. ಬದಲಾಗಿದೆ ಅಂತ ಅವರಿಗೆ ಯಾರೂ ಹೋಗಿ ಹೇಳಲಿಲ್ಲ. ಅಷ್ಟೇ."

"ಅಷ್ಟೇ" ಎಂಬ ಮಾತು ಮರಳಕ್ಕನ ಎದೆಯಲ್ಲಿ ಮುಳ್ಳಿನಂತೆ ಕುಳಿತಿತು. ಮರುದಿನ ದಾಸ್ತಾನು ಕೋಣೆಯ ಕಪಾಟು ಜಾಲಾಡಿ ಗೇಟಿನ ಆ ಉದ್ದ ನೋಟ್‌ಪುಸ್ತಕಗಳನ್ನು ಹೊರಗೆಳೆದಳು. ಒಂಬತ್ತು ಪುಸ್ತಕ. ಎರಡನ್ನು ಇಲಿ ತಿಂದಿತ್ತು. ಉಳಿದ ಏಳನ್ನು ವಾರ್ಡಿನ ದಾಖಲೆಗೆ ತಾಳೆ ನೋಡಿ, ವಾಪಸ್ ಕಳಿಸಿದವರಲ್ಲಿ ಮತ್ತೆ ಒಳಗೆ ಬಂದವರ ಹೆಸರಿಗೆಲ್ಲ ಗೀಟು ಎಳೆಯುತ್ತ ಬಂದಳು. ಗೀಟು ಬೀಳದೆ ಉಳಿದವರು ಆರುನೂರ ಹನ್ನೆರಡು ಜನ. ಅವಳದೇ ಅಕ್ಷರ, ಅವಳದೇ ಶಾಯಿ.

ನಂತರದ ವರ್ಷಗಳಲ್ಲಿ ಬಸ್ಸುಗಳ ಕಂಡಕ್ಟರುಗಳಿಗೆಲ್ಲ ಅವಳ ಗುರುತಾಯಿತು. ಆ ಹೆಸರುಗಳನ್ನು ಹುಡುಕಿಕೊಂಡು ಹೋದರೆ ಕೆಲವರು ತೀರಿಕೊಂಡಿದ್ದರು. ಕೆಲವರು ಬೇರೆಲ್ಲೋ ಆಪರೇಷನ್ ಮಾಡಿಸಿಕೊಂಡು, ಇವಳಿಗಿಂತ ಚೆನ್ನಾಗಿ ನೋಡುತ್ತಿದ್ದರು. ಒಬ್ಬ ಮುದುಕಿ ಬಾಗಿಲಲ್ಲೇ ನಿಲ್ಲಿಸಿ, "ಅವತ್ತು ಬೇಡ ಅಂದೆ, ಇವತ್ತು ಬೇಕು ಅಂತೀಯ. ನಾಳೆ ಇನ್ನೇನು ಅಂತೀಯೋ! ನೀವು ಮೊದಲು ನಿಮ್ಮಲ್ಲಿ ಮಾತಾಡ್ಕೊಂಡು ಬನ್ನಿ," ಎಂದು ಬಾಗಿಲು ಹಾಕಿದಳು. ಮರಳಕ್ಕ ಜಗುಲಿಯಲ್ಲೇ ಕುಳಿತಳು. ಮಧ್ಯಾಹ್ನ ಮುದುಕಿ ಕಸ ಎಸೆಯಲು ಬಂದು ಅವಳನ್ನು ಎಡವಿದಳು. "ಇನ್ನೂ ಇಲ್ಲೇ ಇದ್ದೀಯಾ?" ಎಂದು ಗೊಣಗುತ್ತಲೇ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಹಗ್ಗದವನನ್ನು ಅವಳು ಆಗಾಗ ಹೋಗಿ ನೋಡುತ್ತಿದ್ದಳು. ಅವನು ಒಂಟಿ ಕಣ್ಣಲ್ಲಿ ಸೊಗಸಾಗಿ ಓಡಾಡುತ್ತಿದ್ದ. ಹಗ್ಗ ಹೊಸೆಯುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದ. "ಬಿಟ್ಕೊಂಡ್ರೆ ಕೈ ತಪ್ಪುತ್ತೆ. ಅಭ್ಯಾಸ ಹೋಗಿಬಿಟ್ಟಿದೆ," ಅನ್ನುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು: ಕಾಯಬೇಕಾಗಿರಲಿಲ್ಲ, ಹೊಸ ಡಾಕ್ಟರು ಬಂದ ಮೇಲಂತೂ ಖಂಡಿತ ಬೇಕಾಗಿರಲಿಲ್ಲ, ಆಗ ಬಂದಿದ್ದರೆ ಎರಡೂ ಕಣ್ಣು ಉಳಿಯುತ್ತಿತ್ತು. ಅವನು ಹುರಿಯ ತುದಿಗೆ ಗಂಟು ಹಾಕಿದ.

"ಇದನ್ನ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು," ಅಂದ. "ಇಷ್ಟು ದಿನ ಒಂದು ಕಣ್ಣು ಬಂತು ಅಂತಿದ್ದೆ. ಇನ್ಮೇಲೆ ಒಂದು ಹೋಯ್ತು ಅನ್ನಬೇಕು."

ಆಮೇಲೆ ಎರಡು ತಿಂಗಳು ಅವಳು ಆ ಕಡೆ ತಲೆ ಹಾಕಲಿಲ್ಲ. ಅವನೇ ಯಾರದೋ ಕೈಲಿ ಹೇಳಿ ಕಳಿಸಿದ, ಡ್ರಾಪ್ಸು ಮುಗಿದಿದೆ, ಟಾರ್ಚಿನ ತಾಯಿ ಬರಬೇಕಂತೆ ಎಂದು.

ಈ ನಡುವೆ ಅತ್ತೆಯ ಇನ್ನೊಂದು ಕಣ್ಣಿನ ಮಬ್ಬೂ ಹೆಚ್ಚಿತು. ಎಪ್ಪತ್ತು ದಾಟಿದ್ದ ಅವರನ್ನು ಮರಳಕ್ಕ ಬೆಳಗ್ಗೆ ಒಂಬತ್ತಕ್ಕೆ ಕರೆದುಕೊಂಡು ಹೋಗಿ ಹನ್ನೆರಡೂವರೆಗೆ ಮನೆಗೆ ತಂದಳು. ಅತ್ತೆಗೆ ಇದು ಭಾರೀ ಮೋಸ ಎನ್ನಿಸಿತು. ಹೋದ ಸಲದ ಏಳು ದಿನ ಬಾಣಂತಿಯಂತೆ ಮಲಗಿ ಚಮಚದಲ್ಲಿ ಉಣ್ಣಿಸಿಕೊಂಡದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

"ಡಾಕ್ಟರಮ್ಮ ಅವಸರದಲ್ಲಿ ಅರ್ಧಂಬರ್ಧ ಮಾಡಿದಾಳೆ. ನಾನು ಏಳು ದಿನ ಮಲಗೋಳೇ," ಎಂದು ಹಾಸಿಗೆ ಹಿಡಿದರು.

"ಮಲಗಿ ಅತ್ತೆ. ಆದ್ರೆ ಈ ಸಲ ಬಾಯಿ ಕಟ್ಟಿಲ್ಲ."

"ಅದಕ್ಕೇ ಮಲಗ್ತಿರೋದು. ಹೋದ ಸಲದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ ನಾನು."

ಹದಿನೈದು ವರ್ಷ ತಡೆದಿಟ್ಟ ಉತ್ತರಗಳು ಮೂರು ದಿನದಲ್ಲಿ ಬಂದುಹೋದವು. ನಾಲ್ಕನೆಯ ದಿನ ಅತ್ತೆ ಹೇಳಲು ಏನೂ ಉಳಿಯದೆ ಎದ್ದು, ಬೇಡವೆಂದರೂ ಕೇಳದೆ ಹಳೆಯ ದಪ್ಪ ಕನ್ನಡಕ ಏರಿಸಿಕೊಂಡರು. ಹಳೆಯ ಕಣ್ಣಿಗೆ ಎಲ್ಲವೂ ದೊಡ್ಡದು, ಹೊಸ ಕಣ್ಣಿಗೆ ಎಲ್ಲವೂ ಇದ್ದಷ್ಟೇ. "ಅಯ್ಯೋ, ದೊಡ್ಡದೊಂದು ಚಿಕ್ಕದೊಂದು, ಎರಡು ಸೊಸೆ! ಒಬ್ಬಳೇ ಸಾಕಾಗಿತ್ತಲ್ಲ ನನಗೆ," ಎಂದು ಕನ್ನಡಕ ಕಿತ್ತೆಸೆದರು. ಆರು ತಿಂಗಳ ನಂತರ ಡಾಕ್ಟರು ಹಳೆಯ ಕಣ್ಣಿಗೂ ಒಂದು ಲೆನ್ಸು ಕೂರಿಸಿ ಸೊಸೆಯರ ಸಂಖ್ಯೆಯನ್ನು ಸರಿಮಾಡಿದಳು. ಅಂದಿನಿಂದ ಅತ್ತೆ ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರವನ್ನೂ ಬಿಡದೆ ಓದತೊಡಗಿದರು.

ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷವಾದಾಗ ಆಸ್ಪತ್ರೆಯವರು ಅವಳಿಗೆ ಸನ್ಮಾನ ಇಟ್ಟುಕೊಂಡರು. ಅತಿ ಹೆಚ್ಚು ರೋಗಿಗಳನ್ನು ಕರೆತಂದ ಸಿಬ್ಬಂದಿಯೆಂದು ದೊಡ್ಡ ಬ್ಯಾನರು, ಮೈಕು, ಮೇಲಿನ ಅಧಿಕಾರಿ. ಅಧಿಕಾರಿ ಅಂಕಿಅಂಶ ಓದಿದರು: ಆರು ವರ್ಷದಲ್ಲಿ ಇನ್ನೂರ ಎಂಬತ್ತೊಂಬತ್ತು ಜನ ಅಂಧತ್ವದಿಂದ ಪಾರು. ಮೂಢನಂಬಿಕೆ, ಹೆದರಿಕೆಗಳಿಂದ ಮನೆಯಲ್ಲೇ ಕುಳಿತ ಹಳ್ಳಿಗರ ಮನವೊಲಿಸಿದ ಈ ತಾಯಿಗೆ ಜೋರಾಗಿ ಚಪ್ಪಾಳೆ ಬರಲಿ ಅಂದರು. ಚಪ್ಪಾಳೆ ಬಂತು.

ಮೈಕು ಅವಳ ಕೈಗೆ ಕೊಟ್ಟರು. ಮರಳಕ್ಕ ಹೇಳಿದಳು: "ಅವರು ಮೂಢರಾಗಿರಲಿಲ್ಲ ಸಾರ್. ಅವರು ಆಸ್ಪತ್ರೆಗೆ ಬಂದಿದ್ರು. ನಾನೇ ಗೇಟಿನಿಂದ ವಾಪಸ್ ಕಳಿಸಿದ್ದೆ. ನಾನು ಹೇಳಿದ ಮಾತು ಕೇಳಿ ಕೂತಿದ್ರು."

ಅಧಿಕಾರಿ ಮೈಕಿಗೆ ಬಾಗಿ, "ನೋಡಿ, ಎಂಥಾ ವಿನಯ!" ಅಂದರು. ಈ ಸಲ ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಂತು. ಡಾಕ್ಟರು ಮಾತ್ರ ಕೈ ತಟ್ಟದೆ ಮರಳಕ್ಕನನ್ನೇ ನೋಡುತ್ತಿದ್ದಳು. ಸಭೆ ಮುಗಿದ ಮೇಲೆ ಹತ್ತಿರ ಬಂದು, ಇನ್ನು ಮುಂದೆ ಗೇಟಿನಿಂದ ವಾಪಸ್ ಹೋಗುವವರಿಗೆಲ್ಲ ಮತ್ತೆ ಯಾವ ತಿಂಗಳು ಬರಬೇಕೆಂದು ಚೀಟಿ ಕೊಡೋಣ, ಬಾರದಿದ್ದರೆ ನಾವೇ ಹೋಗೋಣ ಎಂದಳು. ಆ ಚೀಟಿ ಆಮೇಲೆ ನಿಜಕ್ಕೂ ಜಾರಿಗೆ ಬಂತು.

ಮನೆಯಲ್ಲಿ ಅತ್ತೆ, ಕಟ್ಟು ಹಾಕಿದ ಪ್ರಶಸ್ತಿಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದರು.

"ಅಜ್ಞಾನವನ್ನು ಹೋಗಲಾಡಿಸಿದ್ದಕ್ಕಾಗಿ ಅಂತ ಬರೆದಿದಾರೆ. ಯಾರ ಅಜ್ಞಾನ ಇದು?"

"ನಮ್ಮದು ಅತ್ತೆ."

"ಹಾಗಂತ ಎಲ್ಲೂ ಬರೆದಿಲ್ಲವಲ್ಲ," ಎಂದು ಅತ್ತೆ ಹಿಂದೆ ತಿರುಗಿಸಿಯೂ ನೋಡಿದರು. ಅಲ್ಲಿ ಬರೀ ರಟ್ಟು. "ಎಲ್ಲಿ ಹಾಕೋಣ ಇದನ್ನ?"

ಅವಳ ಗಂಡ ಮೊಳೆ ಸುತ್ತಿಗೆ ಹಿಡಿದು ಬಂದು, ಆ ದಿನದ ಮೊದಲ ಮಾತಾಗಿ, ಬಾಗಿಲ ಪಕ್ಕ ಚೆನ್ನಾಗಿರುತ್ತದೆ ಅಂದ. ಯಾರೂ ಬೇಡವೆನ್ನಲಿಲ್ಲ. ಅವನು ಮೊಳೆ ಹೊಡೆಯುತ್ತಿದ್ದಾಗ ಮರಳಕ್ಕ ಒಳಕೋಣೆಯಲ್ಲಿ ಕುಳಿತು, ನಾಳೆ ಆರೂಕಾಲರ ಬಸ್ಸಿಗೆ ಹೋಗಬೇಕಾದ ಎರಡು ಹಳ್ಳಿಗಳಲ್ಲಿ ಗೀಟು ಬೀಳದೆ ಉಳಿದ ಹೆಸರುಗಳನ್ನು ಒಂದು ಚೀಟಿಗೆ ಬರೆದುಕೊಳ್ಳುತ್ತಿದ್ದಳು. ಐದು ಜನರಿದ್ದರು. ಐದರಲ್ಲಿ ಮೂವರಿಗೆ ಈಗ ಎಂಬತ್ತು ದಾಟಿರಬೇಕು.